ಸೂರ್ಯ ದಪ್ಪಗಾದ ದಿನ

"ಬಾಗಿಲು ತೆಗೀಬೇಡಿ!"

ಅಷ್ಟರಲ್ಲಾಗಲೇ ಅವಳು ತೆಗೆದಾಗಿತ್ತು.

ಲ್ಯಾಬಿನ ನೆಲದ ತುಂಬ ಇಲಿಬೋನುಗಳು! ಮರದ ಹಲಗೆಗೆ ಸ್ಪ್ರಿಂಗ್ ಕೂರಿಸಿದ, ಮುಟ್ಟಿದರೆ ಚಟ್ಟನೆ ಬಡಿಯುವ ಬೋನುಗಳು. ಒಂದೊಂದರ ಮೇಲೂ ಎರಡೆರಡು ಬಿಳಿ ಟೇಬಲ್ ಟೆನಿಸ್ ಚೆಂಡು. ಅವುಗಳ ನಡುವೆ ಸಣಕಲು ಮನುಷ್ಯನೊಬ್ಬ ಮಂಡಿಯೂರಿ, ಉಸಿರು ಬಿಗಿಹಿಡಿದು, ಕೊನೆಯ ಚೆಂಡನ್ನು ಕೊನೆಯ ಬೋನಿನ ಮೇಲೆ ಇಡುತ್ತಿದ್ದ.

ಅವನ ಕೂಗಿಗೆ ಬೆಚ್ಚಿದ ಅವಳ ಕೈಯಿಂದ ಸೀಮೆಸುಣ್ಣದ ಡಬ್ಬಿ ಜಾರಿತು.

ಚಟ್!

ಒಂದು ಬೋನು ಹಾರಿತು. ಅದರ ಎರಡು ಚೆಂಡು ಹೋಗಿ ಇನ್ನೆರಡು ಬೋನಿನ ಮೇಲೆ ಬಿದ್ದವು. ಚಟ್, ಚಟ್! ಅಲ್ಲಿಂದ ನಾಲ್ಕು ಚೆಂಡು ಎದ್ದವು... ಆಮೇಲೆ ಲೆಕ್ಕ ಇಡುವವರು ಯಾರು? ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಕೋಣೆ ಬಾಣಲೆಯಲ್ಲಿ ಹುರಿದ ಜೋಳದಂತೆ ಸಿಡಿಯಿತು. ಚೆಂಡುಗಳು ಗೋಡೆಗೆ, ಕಪಾಟಿಗೆ, ಅವಳ ಹಣೆಗೆ ಬಡಿದವು.

ಎಲ್ಲ ಅಡಗಿದ ಮೇಲೆ ಒಂದು ಚೆಂಡು ಮಾತ್ರ ಉರುಳುತ್ತಾ ಬಂದು ಅವಳ ಚಪ್ಪಲಿಗೆ ತಾಗಿ ನಿಂತಿತು.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಕೆಲಸಕ್ಕೆ ಸೇರಿದ ಮೊದಲ ದಿನ! ಹಾಜರಿಗೆ ಹಾಕಿದ ಸಹಿಯ ಶಾಯಿ ಇನ್ನೂ ಆರಿಲ್ಲ!

"ಸಾ... ಸಾರಿ ಸರ್. ನಾನು ಹೊಸ ಸೈನ್ಸ್ ಟೀಚರ್. ಸೀಮೆಸುಣ್ಣ ಇಲ್ಲಿ ಇಡ್ಬೇಕು ಅಂದ್ರು, ಅದಕ್ಕೇ..."

ಈಗ ಬೈಗುಳ ಶುರು ಅಂದುಕೊಂಡಳು. ಅವನು ತನ್ನ ಅಂಗಿಯ ಜೇಬಿಗೆ ಬಂದು ಬಿದ್ದಿದ್ದ ಚೆಂಡನ್ನು ಹೊರತೆಗೆದು ನೋಡಿ ನಕ್ಕುಬಿಟ್ಟ.

"ಬೆಳಿಗ್ಗೆಯಿಂದ ಜೋಡಿಸ್ತಿದ್ದೆ. ಹೋಗ್ಲಿ ಬಿಡಿ, ಕೆಲಸ ಮಾಡುತ್ತೆ ಅಂತಾದ್ರೂ ಗೊತ್ತಾಯ್ತಲ್ಲ! ಹತ್ತನೇ ಕ್ಲಾಸಿನ ಬೈಜಿಕ ವಿದಳನ ಪಾಠ ಮೇಡಂ. ಯುರೇನಿಯಂ ನ್ಯೂಕ್ಲಿಯಸ್ಸಿಗೆ ಹೊರಗಿಂದ ಒಂದು ನ್ಯೂಟ್ರಾನ್ ಬಂದು ಬಡಿದ್ರೆ ಸಾಕು, ಎರಡಾಗಿ ಒಡೆದುಹೋಗುತ್ತೆ. ಒಡೆದಾಗ ಇನ್ನೆರಡು ಮೂರು ನ್ಯೂಟ್ರಾನ್ ಹೊರಗೆ ಬೀಳ್ತವೆ, ಅವು ಪಕ್ಕದವನ್ನ ಒಡೀತವೆ... ಸರಪಳಿ ಕ್ರಿಯೆ."

"ಹಾಗಾದ್ರೆ... ನಾನು?"

"ನ್ಯೂಟ್ರಾನ್."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೂತು ಚೆಂಡು ಹೆಕ್ಕತೊಡಗಿದಳು. ಇಬ್ಬರೂ ಸೇರಿ ಬೆಂಚಿನ ಕೆಳಗೆಲ್ಲ ತೆವಳಿ ಹುಡುಕಿದರೂ ಒಂದು ಚೆಂಡು ಮಾತ್ರ ಸಿಗಲೇ ಇಲ್ಲ.

ಅದು ಸಿಕ್ಕಿದ್ದು ಸಂಜೆ, ಮನೆಯಲ್ಲಿ, ಅವಳ ಕೈಚೀಲದೊಳಗೆ!

'ನಾಳೆ ಕೊಟ್ಟರಾಯಿತು' ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಯಾಕೆ ಕೊಡಲಿಲ್ಲ ಅಂತ ನೀವು ಕೇಳಬೇಡಿ, ಅವಳನ್ನೇ ಕೇಳಿದ್ದರೂ ಉತ್ತರ ಇರಲಿಲ್ಲ. ಕೊಡಲು ನಾಚಿಕೆ, ಇಟ್ಟುಕೊಳ್ಳಲು ಅದಕ್ಕಿಂತ ನಾಚಿಕೆ. ಚೆಂಡು ಚೀಲದಲ್ಲೇ ಉಳಿಯಿತು.

*

ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ತಂದೆ ತಾಯಂದಿರನ್ನು ಕರೆದು ಮಕ್ಕಳ ಪಾಠ ತೋರಿಸುವ ರೂಢಿ. ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಇಬ್ಬರನ್ನೂ ಕರೆಸಿದರು.

"ವಿದಳನ ಯಾವುದು, ಸಮ್ಮಿಲನ ಯಾವುದು ಅಂತ ಮಕ್ಕಳು ಪ್ರತಿ ವರ್ಷ ಪರೀಕ್ಷೇಲಿ ಅದಲು ಬದಲು ಬರೀತಾರೆ. ಈ ಸಲ ನೀವಿಬ್ರೂ ಸೇರಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಪರಿವೀಕ್ಷಕರೂ ಬರ್ತಾರೆ." ಆಮೇಲೆ ಅವಳತ್ತ ತಿರುಗಿ, "ನಿಮ್ಮ ಕೆಲಸ ಕಾಯಂ ಮಾಡೋದೋ ಬೇಡ್ವೋ ಅಂತ ಅವತ್ತು ನೋಡ್ಕೊಂಡು ಹೇಳ್ತೀನಿ" ಅಂದರು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಲ್ಯಾಬಿನಲ್ಲಿ ಕೂರತೊಡಗಿದರು. ಬೋನು, ಚೆಂಡು ಅವನ ಪಾಲು. ಹೋಲಿಕೆಯ ಫಲಕ ಅವಳ ಪಾಲು. ಬಣ್ಣದ ಕಾಗದದಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ ಅಂಟಿಸುತ್ತಿದ್ದಳು. ಎಡಕ್ಕೆ ವಿದಳನ, ಬಲಕ್ಕೆ ಸಮ್ಮಿಲನ.

ಅವನು ಮಾತಿನ ಮಲ್ಲನಲ್ಲ. ಆದರೆ ಪಾಠದ ವಿಷಯ ಬಂದರೆ ಕಣ್ಣು ಹೊಳೆಯುತ್ತಿತ್ತು. ಆ ಹೊಳಪು ನೋಡಲೆಂದೇ ಅವಳು ಗೊತ್ತಿದ್ದದ್ದನ್ನೂ ಕೇಳುತ್ತಿದ್ದಳು. ಕಳ್ಳಿ!

"ವಿದಳನ ತೋರ್ಸೋದು ಸುಲಭ ಮೇಡಂ" ಅಂದ ಒಂದು ಸಂಜೆ. "ಒಡೆಯೋದಕ್ಕೇನು, ಯಾರು ಬೇಕಾದ್ರೂ ಒಡೀಬಹುದು. ಸೇರೋದನ್ನ ತೋರ್ಸೋದೇ ಕಷ್ಟ."

ಅವನು ಎರಡು ಆಯಸ್ಕಾಂತ ತಂದಿದ್ದ. ಎರಡರ ಉತ್ತರ ಧ್ರುವಕ್ಕೂ ಅಂಟುಪಟ್ಟಿ ಹಚ್ಚಿದ್ದ. ಒಂದನ್ನು ಅವಳ ಕೈಗೆ ಕೊಟ್ಟ.

"ಹಿಡ್ಕೊಳ್ಳಿ. ಇದು ಹೈಡ್ರೋಜನ್ ನ್ಯೂಕ್ಲಿಯಸ್. ನನ್ನ ಕೈಲಿರೋದೂ ಅದೇ. ಎರಡರದ್ದೂ ಧನ ಆವೇಶ. ಅಂಟು ಹಚ್ಚಿದ ತುದಿಗಳನ್ನ ಹತ್ರ ತನ್ನಿ ನೋಡೋಣ."

ತಂದಳು. ಆಯಸ್ಕಾಂತ ಒಲ್ಲೆ ಒಲ್ಲೆ ಎಂದು ಪಕ್ಕಕ್ಕೆ ಜಾರಿತು.

"ತಳ್ತಾ ಇದೆ ಸರ್!"

"ತಳ್ಳುತ್ತೆ. ಸುಮ್ನೆ ಹತ್ರ ಬಂದ್ರೆ ಸಾಲ್ದು. ಸೂರ್ಯನ ಒಡಲಲ್ಲಿ ಇರೋವಂಥ ಕಾವು ಬೇಕು, ಒತ್ತಡ ಬೇಕು. ಇನ್ನೂ ಜೋರಾಗಿ..."

ಅವಳು ಒತ್ತಿದಳು. ಅವನೂ ಒತ್ತಿದ. ಜಾರದಂತೆ ಅವನ ಬೆರಳು ಅವಳ ಬೆರಳುಗಳನ್ನು ಸುತ್ತಿ ಹಿಡಿಯಿತು. ತಳ್ಳಾಟ ಹೆಚ್ಚಿತು... ಹೆಚ್ಚಿತು...

ಟಕ್!

ಎರಡೂ ಅಂಟಿಕೊಂಡವು.

"ಅಷ್ಟೇ" ಅಂದ ಅವನು, ದನಿ ತಗ್ಗಿಸಿ. "ಆ ತಳ್ಳಾಟ ದಾಟಿ ಒಂದ್ಸಲ ಸೇರಿದ್ಮೇಲೆ... ಬಿಡ್ಸೋದು ಕಷ್ಟ."

ಆಯಸ್ಕಾಂತ ಸೇರಿಯಾಗಿತ್ತು. ಕೈಗಳನ್ನು ತೆಗೆಯಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಹೊರಗೆ ಯಾರೋ ಬಕೆಟ್ ಇಟ್ಟ ಸದ್ದಾಯಿತು. ಅವಳು ತಟ್ಟನೆ ಎದ್ದು ಫಲಕದ ಮುಂದೆ ಹೋಗಿ ಕೂತಳು. ಕೊನೆಯ ಸಾಲೊಂದು ಬಾಕಿ ಇತ್ತು. ಮೇಲಿನ ಸಾಲುಗಳನ್ನು ಓದಿಕೊಂಡಳು. ಒಡೆಯುವುದು, ಸೇರುವುದು. ಭಾರವಾದ ಧಾತು, ಹಗುರವಾದ ಧಾತು. ಇಲ್ಲಿ ಅಣುಸ್ಥಾವರದಲ್ಲಿ, ಅಲ್ಲಿ ಸೂರ್ಯನಲ್ಲಿ. ಎಲ್ಲ ಒಂದಕ್ಕೊಂದು ಎದುರು ಬದುರು. ಅದೇ ಗುಂಗಿನಲ್ಲಿ ಕೊನೆಯದನ್ನೂ ಅಂಟಿಸಿಬಿಟ್ಟಳು: ವಿದಳನದಲ್ಲಿ ದ್ರವ್ಯರಾಶಿ ಕಡಿಮೆಯಾಗುತ್ತದೆ, ಸಮ್ಮಿಲನದಲ್ಲಿ ಹೆಚ್ಚಾಗುತ್ತದೆ.

"ಸರ್, ಈ ಕೊನೇ ಸಾಲು ಸರಿ ಇದ್ಯಾ ಒಮ್ಮೆ ನೋಡ್ತೀರಾ?" ತಿರುಗದೆಯೇ ಕೇಳಿದಳು. ತಿರುಗಿದ್ದರೆ ಕೆಂಪಾದ ಮುಖ ಅವನಿಗೆ ಕಾಣುತ್ತಿತ್ತಲ್ಲ!

"ಹ್ಞೂಂ... ಸರಿ ಇದೆ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

*

ಆ ದಿನ ಬಂತು. ಸಭಾಂಗಣ ತುಂಬಿತ್ತು. ಬೋನುಗಳು ಚಟಪಟ ಸಿಡಿದಾಗ ಅಪ್ಪಂದಿರೂ ಮಕ್ಕಳಂತೆ ಕೇಕೆ ಹಾಕಿದರು. ಆಯಸ್ಕಾಂತ ಟಕ್ಕೆಂದಾಗ ಚಪ್ಪಾಳೆ ಬಿತ್ತು. ಅವಳೂ ಅವನೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಪರಿವೀಕ್ಷಕರು ಎದ್ದು ಬಂದು, ಕೈ ಹಿಂದೆ ಕಟ್ಟಿಕೊಂಡು, ಫಲಕವನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋದರು. ಕೊನೆಯ ಸಾಲಿಗೆ ಬಂದು ನಿಂತರು.

"ಸಮ್ಮಿಲನದಲ್ಲಿ ದ್ರವ್ಯರಾಶಿ... ಹೆಚ್ಚಾಗುತ್ತದೆ?" ಜೋರಾಗಿ ಓದಿದರು. "ಓಹೋ! ಹಾಗಿದ್ರೆ ನಮ್ಮ ಸೂರ್ಯ ದಿನದಿನಕ್ಕೂ ದಪ್ಪ ಆಗ್ತಿದ್ದಾನೆ ಅನ್ನಿ! ಸ್ವಲ್ಪ ಊಟ ಕಡಿಮೆ ಮಾಡು ಅಂತ ಯಾರಾದ್ರೂ ಹೇಳ್ಬೇಕಲ್ಲ ಅವನಿಗೆ!"

ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು.

ಅವಳ ಕಿವಿ ಬಿಸಿಯಾಯಿತು. 'ಅಯ್ಯೋ... ಎರಡರಲ್ಲೂ ಕಡಿಮೆಯೇ ಆಗೋದು! ಆ ಕಳೆದುಹೋದ ಚೂರೇ ಅಲ್ವಾ ಶಕ್ತಿಯಾಗಿ ಹೊರಗೆ ಬರೋದು! ಇದು ನನಗೆ ಗೊತ್ತಿಲ್ವಾ? ಗೊತ್ತಿದೆ... ಗೊತ್ತಿದ್ದೂ...'

"ಯಾರು ಬರೆದದ್ದು ಇದನ್ನ?" ಪರಿವೀಕ್ಷಕರ ಮುಖದ ಮೇಲೆ ಈಗ ನಗು ಇರಲಿಲ್ಲ. "ಮಕ್ಕಳಿಗೆ ಕಲಿಸೋರು ಹೀಗೆ ಬರೆದ್ರೆ?"

ದೊಡ್ಡ ಮೇಡಂ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಅವಳು ಬಾಯಿ ತೆರೆದಳು. 'ನಾನು' ಅನ್ನುವ ಎರಡೇ ಅಕ್ಷರ... ನಾಲಿಗೆ ಏಳಲಿಲ್ಲ. ಕಾಯಂ ಆಗಬೇಕಿದ್ದ ಕೆಲಸ ಕಣ್ಣ ಮುಂದೆ ಬಂತು. ಇಷ್ಟೊಂದು ಜನ... ಇಷ್ಟೊಂದು ನಗು...

"ನಂದೇ ತಪ್ಪು ಸರ್. ನಾನೇ."

ಅವನು! ಮುಂದೆ ಬಂದು, ತಲೆ ತಗ್ಗಿಸಿ ನಿಂತಿದ್ದ.

ಈಗಲಾದರೂ ಹೇಳಬಹುದಿತ್ತು. 'ಅಲ್ಲ ಸರ್, ನಾನು' ಅಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಬಣ್ಣದ ಕಾಗದದ ಅಕ್ಷರಗಳಿಗೆ ಯಾರ ಕೈಬರಹವೂ ಇಲ್ಲ. ಗೊತ್ತಿದ್ದವರು ಅವರಿಬ್ಬರೇ.

ಅವಳು ಸುಮ್ಮನಿದ್ದಳು.

*

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಒಂದು ಸಾಲಿಗೆ ಹೋದ ಮಾನಕ್ಕೆ ಏನು ಕೊಟ್ಟರೆ ಸಾಕು?

ಮಾರನೆಯ ದಿನವೇ ಸಣಕಲು ಫಿಸಿಕ್ಸ್ ಸರ್‌ಗೆ ಹೊಸ ಹೆಸರು ಬಿದ್ದಿತ್ತು: ದಪ್ಪ ಸೂರ್ಯ! ಅವನು ಕಾರಿಡಾರಿನಲ್ಲಿ ಬಂದರೆ, "ಏಯ್, ದಪ್ಪ ಸೂರ್ಯ ಹುಟ್ಟಿದ ಕಣ್ರೋ" ಎಂಬ ಪಿಸುಮಾತು. ನೀರಿನ ನಲ್ಲಿಯ ಪಕ್ಕದ ಗೋಡೆಯ ಮೇಲೆ ಯಾರೋ ಹೊಟ್ಟೆ ಬಿಟ್ಟ ಸೂರ್ಯನ ಚಿತ್ರ ಬಿಡಿಸಿದರು. ಅದಕ್ಕೆ ಅವನದೇ ಕನ್ನಡಕ. ಅವನು ಅದನ್ನು ನೋಡಿ, ನೀರು ಕುಡಿದು ಹೋಗುವುದನ್ನು ಅವಳು ಕಿಟಕಿಯಿಂದ ಕಂಡಳು.

ಆಮೇಲೆ ಬಂತು ನೋಡಿ ನಿಜವಾದ ಪೆಟ್ಟು. ದೊಡ್ಡ ಮೇಡಂ ಹತ್ತನೇ ಕ್ಲಾಸಿನ ಫಿಸಿಕ್ಸ್ ಅನ್ನು ಅವನಿಂದ ತೆಗೆದು ಅವಳಿಗೆ ಕೊಟ್ಟರು! ಜೊತೆಗೆ ಕೆಲಸ ಕಾಯಂ ಎಂಬ ಆದೇಶ. ಅವನಿಗೆ ಐದನೇ ಕ್ಲಾಸಿನ ಮಕ್ಕಳ ಕೈಕೆಲಸದ ಪೀರಿಯಡ್.

"ಅಭಿನಂದನೆ" ಅಂದರು ಸ್ಟಾಫ್ ರೂಮಿನಲ್ಲಿ ಎಲ್ಲರೂ. ಆ ಒಂದೊಂದು ಅಭಿನಂದನೆಗೂ ಅವಳ ತಲೆ ಇನ್ನಷ್ಟು ಕೆಳಗೆ ಹೋಯಿತು. ಅವನೂ ದೂರದಿಂದಲೇ ಅಂದ, ಮುಖ ನೋಡದೆ. ಆ ದಿನದಿಂದ ಅವನು ಅವಳ ಕಣ್ಣು ತಪ್ಪಿಸುತ್ತಿದ್ದ. ಅವಳಿರುವ ಕಡೆ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ.

'ಅಸಹ್ಯ ಆಗಿದೆ ನನ್ನ ಮೇಲೆ ಅವರಿಗೆ... ಆಗ್ದೇ ಇರುತ್ತಾ? ನನಗೇ ಆಗಿದೆ.'

ಮರುಗಳಿಗೆಗೆ ಸಿಟ್ಟು. 'ಯಾರು ಹೇಳಿದ್ರು ಇವರಿಗೆ ಅಡ್ಡ ಬರೋಕೆ? ಪಾಪ ಹೊಸಬಳು ಅಂತ ಕನಿಕರಾನಾ? ನನಗೆ ಬೇಕಿರಲಿಲ್ಲ ಆ ಕನಿಕರ!'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಸ್ಥಿತಿ ಈಗ ಹಾಗಾಗಿತ್ತು. ಯಾರು ಎಲ್ಲಿ ನಕ್ಕರೂ ಬೆಚ್ಚುತ್ತಿದ್ದಳು. ಬಿಸಿಲು ಕಂಡರೂ ತಲೆ ತಗ್ಗುತ್ತಿತ್ತು. ಎಲ್ಲ ಬಿಟ್ಟು ಸೂರ್ಯನ ವಿಷಯದಲ್ಲೇ ತಪ್ಪು ಮಾಡಿದವಳು ಹಗಲು ಎಲ್ಲಿಗೆ ಹೋಗಿ ಅವಿತುಕೊಳ್ಳಬೇಕು?

ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕ ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಕತ್ತರಿಗಿಂತ ಅಕ್ಕನ ನಾಲಿಗೆ ಹರಿತ.

"ಏನೇ ಮರಿ, ಕೆಲ್ಸ ಕಾಯಂ ಆದವರ ಮುಖ ಹೀಗಿರುತ್ತಾ? ಹರಳೆಣ್ಣೆ ಕುಡಿದೋರ ಥರ ಇದ್ದೀಯ."

ಅವಳು ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಆಯಸ್ಕಾಂತದ ಭಾಗ ಬಿಟ್ಟು.

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ಸಾಲು ಮುಗಿಸಿ, ದಾರ ಕಡಿದು, ಆಮೇಲೆ ಕೇಳಿದಳು. "ಅವರ ಹತ್ರ ಮಾತಾಡಿದ್ಯಾ?"

"ಯಾವ ಮುಖ ಇಟ್ಕೊಂಡು ಮಾತಾಡ್ಲಿ? ಒಳಗೊಳಗೇ ಪಾಠ ಚೆನ್ನಾಗಿ ಮಾಡಿ ಸರಿ ಮಾಡ್ತೀನಿ ಅಂದ್ಕೊಂಡಿದ್ದೀನಿ. ಮಕ್ಕಳಿಗೆ ಸರಿಯಾದದ್ದನ್ನ ಕಲ್ಸಿದ್ರೆ..."

"ಹ್ಞಾಂ ಹ್ಞಾಂ. ತೋಳು ಉಲ್ಟಾ ಕೂರ್ಸಿ ಹೊಲಿದ ಅಂಗೀಗೆ ಚೆನ್ನಾಗಿ ಇಸ್ತ್ರಿ ಹಾಕ್ತೀನಿ ಅಂದ ಹಾಗಾಯ್ತು!" ಅಕ್ಕ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಅವಳ ಮುಂದೆ ಹಿಡಿದಳು. "ಬಿಚ್ಚಬೇಕು ಕಣೇ. ಎಲ್ರ ಮುಂದೆ ಹಾಕಿದ ಹೊಲಿಗೇನ ಎಲ್ರ ಮುಂದೇನೇ ಬಿಚ್ಚಬೇಕು. ಮತ್ತೆ... ಆ ಸರ್ ಹೆಸ್ರು ಬಂದಾಗೆಲ್ಲ ನಿನ್ನ ಕಿವಿ ಯಾಕೆ ಕೆಂಪಾಗುತ್ತೆ?"

"ಅಕ್ಕಾ!"

"ಸರಿ ಸರಿ, ನಂಗೇನೂ ಕಾಣ್ಸಲ್ಲ ಬಿಡು."

*

ಮರುದಿನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಚಹಾ ಹೀರುತ್ತಾ ಸುದ್ದಿ ಕೊಟ್ಟರು.

"ಗೊತ್ತಾಯ್ತಾ? ನಮ್ಮ ಫಿಸಿಕ್ಸ್ ಸರ್ ಊರಾಚೆ ಇರೋ ಇನ್ನೊಂದು ಶಾಖೆಗೆ ಹೋಗ್ತೀನಿ ಅಂತ ಕೇಳ್ಕೊಂಡಿದ್ದಾರಂತೆ. ಸೋಮವಾರದಿಂದ ಅಲ್ಲೇ. ಪಾಪ, ಎಷ್ಟು ದಿನ ಅಂತ ಆ ಹೆಸ್ರು ಕೇಳಿಸ್ಕೊಳ್ತಾರೆ."

ಅವಳ ಕೈಯ ಲೋಟ ತಟ್ಟೆಗೆ ಬಡಿದು ಸದ್ದಾಯಿತು.

ಗಂಟೆ ಹೊಡೆಯಿತು. ಹತ್ತನೇ ಕ್ಲಾಸ್. ಅಂದಿನ ಪಾಠ, ಹಣೆಬರಹ ನೋಡಿ, ಬೈಜಿಕ ಸಮ್ಮಿಲನ!

ಅವಳು ಬೋರ್ಡಿನ ಮೇಲೆ ನಾಲ್ಕು ಸಣ್ಣ ವೃತ್ತ ಬರೆದಳು, ಬಾಣ ಹಾಕಿದಳು, ಮುಂದೆ ಒಂದು ದೊಡ್ಡ ವೃತ್ತ.

"ನಾಲ್ಕು ಹೈಡ್ರೋಜನ್ ನ್ಯೂಕ್ಲಿಯಸ್, ಹಂತ ಹಂತವಾಗಿ ಸೇರಿ, ಕೊನೆಗೆ ಒಂದು ಹೀಲಿಯಂ ಆಗುತ್ತೆ. ಈಗ ತೂಗಿ ನೋಡಿದ್ರೆ... ಆ ನಾಲ್ಕರ ಒಟ್ಟು ತೂಕಕ್ಕಿಂತ ಈ ಒಂದರ ತೂಕ ಚೂರು ಕಡಿಮೆ ಇರುತ್ತೆ. ಹೋದ ಚೂರು ಏನಾಯ್ತು? ಶಕ್ತಿ ಆಯ್ತು. ನಿಮ್ಮ ಬೆಂಚಿನ ಮೇಲೆ ಬಿದ್ದಿದೆಯಲ್ಲ ಬಿಸಿಲು, ಅದು ಅಲ್ಲಿಂದ ಬಂದದ್ದೇ."

ಮಕ್ಕಳು ಬೆಂಚಿನ ಮೇಲಿನ ಬಿಸಿಲನ್ನು ಬೆರಳಿಂದ ಮುಟ್ಟಿ ನೋಡಿದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಇಡೀ ಶಾಲೆ ಅವಳನ್ನು ಪ್ರಶ್ನೆಪೆಟ್ಟಿಗೆ ಎನ್ನುತ್ತಿತ್ತು. "ಮೇಡಂ, ವಿದಳನದಲ್ಲೂ ಕಡಿಮೆ, ಸಮ್ಮಿಲನದಲ್ಲೂ ಕಡಿಮೆ. ಒಡೆದ್ರೂ ಕಳ್ಕೊಳ್ಳೋದೇ, ಸೇರಿದ್ರೂ ಕಳ್ಕೊಳ್ಳೋದೇನಾ?"

"ಹೌದು. ಯುರೇನಿಯಂನಂಥ ಭಾರದ್ದು ಒಡೆದಾಗ್ಲೂ ಅಷ್ಟೇ, ಹೈಡ್ರೋಜನ್ನಿನಂಥ ಹಗುರದ್ದು ಸೇರಿದಾಗ್ಲೂ ಅಷ್ಟೇ. ಏನೂ ಕಳ್ಕೊಳ್ದೆ ಶಕ್ತಿ ಹುಟ್ಟಲ್ಲ."

"ಇಷ್ಟು ಸುಲಭದ್ದು ದಪ್ಪ ಸೂರ್ಯ ಸರ್‌ಗೆ ಗೊತ್ತಿರ್ಲಿಲ್ವಾ ಮೇಡಂ?"

ಕ್ಲಾಸೆಲ್ಲ ಕಿಸಿಕಿಸಿ ನಕ್ಕಿತು.

ಅವಳು ಬೋರ್ಡಿನ ಕಡೆ ತಿರುಗಿದಳು. 'ಏನೂ ಕಳ್ಕೊಳ್ದೆ...' ಈಗ ತಾನೇ ಹೇಳಿದ ಮಾತು ತನ್ನನ್ನೇ ತಿವಿಯಿತು. ಅವಳು ಇಲ್ಲಿಯವರೆಗೆ ಏನು ಕಳೆದುಕೊಂಡಿದ್ದಳು? ಏನೂ ಇಲ್ಲ! ಕಳೆದುಕೊಂಡವನು ಅವನೊಬ್ಬನೇ. ಸೋಮವಾರದಿಂದ ಅವನೂ ಇರುವುದಿಲ್ಲ.

ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಕಡೆ ತಿರುಗಿದಳು.

"ಸರ್‌ಗೆ ಗೊತ್ತಿತ್ತು. ಆ ಸಾಲು ಬರೆದದ್ದು ಸರ್ ಅಲ್ಲ. ನಾನು."

ನಗು ಅರ್ಧಕ್ಕೇ ನಿಂತಿತು.

"ಅಕ್ಷರ ಕತ್ತರಿಸಿದ್ದೂ ನಾನು, ಅಂಟಿಸಿದ್ದೂ ನಾನು. ಪರಿವೀಕ್ಷಕರು ಕೇಳಿದಾಗ ನಾನೇ ಅಂತ ಹೇಳ್ಬೇಕಿತ್ತು. ಹೆದರಿದೆ. ಸರ್ ತಮ್ಮ ಮೇಲೆ ಹಾಕ್ಕೊಂಡ್ರು... ನಾನು ಸುಮ್ಮನೆ ನಿಂತಿದ್ದೆ. ಇಷ್ಟು ದಿನ ನೀವು ಅವರನ್ನ ಆ ಹೆಸ್ರಿಂದ ಕರೆದಾಗ್ಲೂ ಸುಮ್ಮನಿದ್ದೆ. ತಪ್ಪು ಬರೆಯೋದು ಸಣ್ಣ ತಪ್ಪು. ನಾನು ಮಾಡಿದ್ದು ಅದಕ್ಕಿಂತ ದೊಡ್ಡದು. ನಂಗೆ ತುಂಬಾ ನಾಚಿಕೆ ಆಗ್ತಿದೆ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಸೀಮೆಸುಣ್ಣ ಮೆತ್ತಿತು.

ಪ್ರಶ್ನೆಪೆಟ್ಟಿಗೆ ಮೆಲ್ಲನೆ ಎದ್ದು ನಿಂತಳು. "ಮೇಡಂ... ನಲ್ಲಿ ಹತ್ರದ ಚಿತ್ರ ಬರೆದದ್ದು ನಾನು. ಅಳಿಸಿ ಬರ್ಲಾ?"

*

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕೊನೆಯವರೆಗೂ ಕೇಳಿದರು.

"ತಪ್ಪು ಬರೆದ್ರಿ ಅಂತ ನಾನು ಯಾರನ್ನೂ ಮನೆಗೆ ಕಳ್ಸಲ್ಲ" ಅಂದರು ಕೊನೆಗೆ. "ಸುಮ್ಮನಿದ್ರಲ್ಲ, ಅದು ನನಗೆ ಹಿಡಿಸ್ಲಿಲ್ಲ. ಕಾಯಂ ಆದೇಶ ವಾಪಸ್ ಕೊಡಿ. ಇನ್ನೊಂದು ವರ್ಷ ನೋಡ್ತೀನಿ. ಹತ್ತನೇ ಕ್ಲಾಸೂ ಅವರಿಗೇ ವಾಪಸ್."

"ಸರಿ ಮೇಡಂ." ವಿಚಿತ್ರ ನೋಡಿ, ಅಷ್ಟು ದಿನದಲ್ಲಿ ಅವಳು ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡಳು.

"ಪರಿವೀಕ್ಷಕರಿಗೂ ನೀವೇ ಹೇಳ್ಬೇಕು. ಇನ್ನು ಫಿಸಿಕ್ಸ್ ಸರ್ ಇಲ್ಲೇ ಉಳೀತಾರೋ ಇಲ್ವೋ, ಅದನ್ನೂ ನೀವೇ ಹೋಗಿ ಕೇಳಿ. ನನ್ನ ಮಾತು ಅವರು ಕೇಳ್ಲಿಲ್ಲ."

ಲ್ಯಾಬಿನ ಬಾಗಿಲು ಮುಚ್ಚಿತ್ತು. ಈ ಸಲ ಅವಳು ತಟ್ಟಿದಳು.

"ಬನ್ನಿ. ಏನೂ ಹಾರಲ್ಲ" ಎಂಬ ದನಿ.

ಅವನು ಬೋನುಗಳ ಸ್ಪ್ರಿಂಗ್ ಸಡಿಲಿಸಿ, ಒಂದರ ಮೇಲೊಂದು ಪೆಟ್ಟಿಗೆಗೆ ಜೋಡಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮತ್ತೆ ಅದೇ, ಕಣ್ಣು ತಪ್ಪಿಸಿದ.

"ಸರ್, ಎಲ್ರಿಗೂ ಹೇಳಿಬಿಟ್ಟೆ. ಕ್ಲಾಸಿಗೆ, ದೊಡ್ಡ ಮೇಡಂಗೆ... ಆ ಸಾಲು ನಂದು ಅಂತ. ಕ್ಷಮಿಸಿ ಅನ್ನೋಕೂ ನಂಗೆ ಯೋಗ್ಯತೆ ಇಲ್ಲ. ನಿಮಗೆ ನನ್ನ ಮುಖ ನೋಡೋಕೂ ಅಸಹ್ಯ ಅಂತ ಗೊತ್ತು. ಆದ್ರೆ ನನ್ನಿಂದಾಗಿ ನೀವು ಹೋಗ್ಬೇಡಿ. ಬೇಕಿದ್ರೆ ನಾನು ಹೋಗ್ತೀನಿ..."

"ಅಸಹ್ಯ? ನಿಮ್ಮ ಮೇಲಾ?" ಅವನು ಬೆಪ್ಪಾಗಿ ನೋಡಿದ. "ಮೇಡಂ, ಅದು ನಂದೇ ತಪ್ಪಲ್ವಾ!"

"ಇನ್ನೂ ಯಾಕೆ ಸರ್ ಈ ಕನಿಕರ? ಸಾಕು! ನನ್ನನ್ನ ಉಳಿಸೋಕೆ ಅಂತ ನೀವು..."

"ಕನಿಕರ ಅಲ್ಲ ಮೇಡಂ. ನಾನೇನು ಅಷ್ಟು ದೊಡ್ಡ ಮನುಷ್ಯ ಅಲ್ಲ." ಅವನು ಕೈಯಲ್ಲಿದ್ದ ಬೋನನ್ನು ತಿರುಗಿಸುತ್ತಾ ನಿಂತ. "ನೀವು ಸರಿ ಇದ್ಯಾ ನೋಡಿ ಅಂದ್ರಿ. ನಾನು ಹ್ಞೂಂ ಸರಿ ಇದೆ ಅಂದೆ. ನೋಡಿ ಹೇಳಿದ್ದಿದ್ರೆ ಆ ತಪ್ಪು ಅಲ್ಲೇ ಸರಿ ಆಗ್ತಿತ್ತು. ನಾನು ಫಲಕ ನೋಡ್ಲೇ ಇಲ್ಲ."

"ನೋಡ್ಲಿಲ್ವಾ? ಬೋನು ಜೋಡಿಸ್ತಿದ್ರಾ?"

ಅವನ ಮುಖ ಕಿವಿಯವರೆಗೂ ಕೆಂಪಾಯಿತು.

"ಇಲ್ಲ... ನಿಮ್ಮನ್ನ ನೋಡ್ತಿದ್ದೆ."

ಅವಳು ಪಕ್ಕದ ಬೆಂಚಿಗೆ ಒರಗಿ ನಿಂತಳು.

"ಹದಿನೈದು ವರ್ಷದ ಮಕ್ಕಳಿಗೆ ಗಮನ ಇಟ್ಟು ಓದಿ ಅಂತ ದಿನಾ ಬೈಯೋನು ನಾನು. ಅವತ್ತು... ಆಯಸ್ಕಾಂತ ಸೇರಿದ್ಮೇಲೆ ನನಗೆ ಏನೂ ಕಾಣ್ಲಿಲ್ಲ, ನಿಮ್ಮ ಬೆನ್ನು, ಜಡೆಗೆ ಅಂಟಿದ್ದ ಬಣ್ಣದ ಕಾಗದದ ಚೂರು, ಅಷ್ಟೇ. ಪರಿವೀಕ್ಷಕರು ಕೇಳಿದಾಗ ನಂದೇ ತಪ್ಪು ಅಂತ ನಿಜಾನೇ ಹೇಳಿದೆ. ಸರ್ ಸರಿ ಇದೆ ಅಂದಿದ್ರು ಅಂತ ನೀವು ಹೇಳ್ಲಿಲ್ಲ. ನನ್ನ ಮರ್ಯಾದೆ ಉಳಿಸೋಕೆ ಸುಮ್ಮನಿದ್ದೀರಿ, ಒಳಗೆ ನನ್ನನ್ನ ಬೈಕೊಳ್ತಿದ್ದೀರಿ ಅಂದ್ಕೊಂಡೆ. ಅದಕ್ಕೇ ನಿಮ್ಮನ್ನ ನೋಡೋಕೆ ನಾಚಿಕೆ. ಅದಕ್ಕೇ ಹೋಗ್ತೀನಿ ಅಂದೆ."

ಇಷ್ಟು ದಿನ ಒಂದೇ ಶಾಲೆಯಲ್ಲಿ, ಒಂದೇ ಕಾರಿಡಾರಿನಲ್ಲಿ, ಇಬ್ಬರೂ ಒಬ್ಬರಿಗೊಬ್ಬರು ಮುಖ ಮರೆಸಿಕೊಂಡು ತಿರುಗಿದ್ದರು! ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಆದ್ರೂ ನಾನು ಸುಮ್ಮನಿದ್ದದ್ದು ತಪ್ಪೇ ಸರ್. ನಿಮ್ಮ ಮರ್ಯಾದೆಗೋಸ್ಕರ ಅಲ್ಲ. ನನ್ನ ಕೆಲಸಕ್ಕೋಸ್ಕರ. ಅದನ್ನ ನೀವು ಚೆನ್ನಾಗಿ ಮಾಡಿ ಹೇಳ್ಬೇಡಿ."

ಅವನು ಅವಳನ್ನೇ ನೋಡಿದ. ಬಹಳ ದಿನಗಳ ಮೇಲೆ, ನೇರವಾಗಿ.

"ಸರಿ, ಹೇಳಲ್ಲ" ಅಂದ. "ತಪ್ಪೇ. ಬೇಜಾರೂ ಆಗಿತ್ತು. ಈಗ ಇಲ್ಲ."

ಆ ಒಂದು ಮಾತಿಗೆ ಅವಳ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಕೈಚೀಲ ತೆರೆದು, ಒಳಗೆ ತಡಕಾಡಿ, ಬಿಳಿ ಚೆಂಡೊಂದನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದನ್ನೂ ಒಪ್ಪಿಸ್ಬೇಕು. ಮೊದಲ ದಿನ ಸಿಕ್ಕದೇ ಹೋಗಿತ್ತಲ್ಲ... ನನ್ನ ಹತ್ರ ಇತ್ತು."

"ಅವತ್ತಿಂದಾನಾ?! ಅದಿಲ್ದೆ ಒಂದು ಬೋನಿಗೆ ಒಂದೇ ಚೆಂಡು ಇಟ್ಟು ನಡೆಸ್ತಿದ್ದೀನಿ ನಾನು! ಯಾಕೆ ಕೊಡ್ಲಿಲ್ಲ?"

"ಕೊಡೋಕೆ ಮನಸ್ಸು ಬರ್ಲಿಲ್ಲ."

ಅವನು ಕೈ ಚಾಚಿದ. ಆದರೆ ಚೆಂಡನ್ನು ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ಅವಳ ಬೆರಳುಗಳ ಮೇಲೆ ತನ್ನ ಬೆರಳು ಮಡಿಸಿದ. ಈ ಸಲ ಹೊರಗೆ ಬಕೆಟ್ ಸದ್ದಾದರೂ ಅವಳು ಕೈ ಎಳೆದುಕೊಳ್ಳಲಿಲ್ಲ.

"ಸೇರುವಾಗ ಇಬ್ರೂ ಏನಾದ್ರೂ ಕಳ್ಕೊಳ್ಬೇಕು ಅಂತ ಇವತ್ತು ಪಾಠ ಮಾಡಿದೆ" ಅಂದಳು ಮೆಲ್ಲಗೆ. "ನಾನು ಕಾಯಂ ಕೆಲಸ ಕಳ್ಕೊಂಡೆ."

"ನಾನು ಆ ಇನ್ನೊಂದು ಶಾಖೆ ಕಳ್ಕೊಳ್ತೀನಿ. ಅಲ್ಲಿ ಲ್ಯಾಬ್ ದೊಡ್ಡದಿತ್ತು ಗೊತ್ತಾ?"

"ಸಾಕಾ ಅಷ್ಟು?"

"ಸಾಲ್ದು. ಇನ್ನೊಂದಿದೆ. ನಾವಿಬ್ರೇ ಇರುವಾಗ ನೀವು ಸರ್ ಅನ್ನೋದನ್ನ ಬಿಡ್ಬೇಕು. ನಾನು ಮೇಡಂ ಅನ್ನೋದನ್ನ ಬಿಡ್ತೀನಿ."

"ಮತ್ತೆ ಏನಂತ ಕರೀಲಿ?" ಅವಳ ಕಣ್ಣಲ್ಲಿ ತುಂಟತನ ಮಿನುಗಿತು. "ದಪ್ಪ ಸೂರ್ಯ ಅನ್ಲಾ?"

"ಹ್ಞೂಂ... ಸರಿ ಇದೆ."

"ಈ ಸಲ ನೋಡಿ ಹೇಳ್ತಿದ್ದೀರೋ, ನೋಡದೇನೋ?"

ಅವನು ಅವಳ ಕೆನ್ನೆಗೆ ಮೆತ್ತಿದ್ದ ಸೀಮೆಸುಣ್ಣವನ್ನು ಹೆಬ್ಬೆರಳಿಂದ ಒರೆಸಿದ.

"ನೋಡೇ ಹೇಳ್ತಿದ್ದೀನಿ."